ಕಿಟಕಿಯ ಹಿಂದಿನ ಉಬ್ಬು

ಪುಂಡರೀಕಾಕ್ಷ ಶೇಟ್ರ ಗಾಳಾ, ಎಂದರೆ ಸಣ್ಣ ವರ್ಕ್‌ಶಾಪು, ಮುಂಬಯಿ ಹತ್ತಿರದ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿತ್ತು. ಮೂರು ಮಿಷನ್ನು, ಏಳು ಜನ, ಗೋಡೆಯಲ್ಲಿ ಕಟೀಲಿನ ಅಮ್ಮನ ಪಟ. ಮಿಷನ್ನಿನಿಂದ ಇಳಿದ ಪ್ರತಿಯೊಂದು ಪೀಸೂ ಹದಿನಾರು ವರ್ಷಗಳಿಂದ ಜಯಲತಾಳ ಕೈ ಹಾದೇ ಹೊರಗೆ ಹೋಗುತ್ತಿತ್ತು. ಹಳೆಯ ವಾಯಿಲ್ ಸೀರೆಯ ತುಂಡೊಂದನ್ನು ಅವಳು ಪೀಸಿನ ಮೈಮೇಲೆ ಮೆಲ್ಲಗೆ ಎಳೆಯುವಳು. ನೂಲು ಎಲ್ಲಿ ಸಿಕ್ಕಿಕೊಂಡಿತೋ ಅಲ್ಲಿ ಅರ ಆಡಿಸಿ ಉಜ್ಜುವಳು. ನೂಲು ಜಾರಿತೋ, ಪೀಸು ಪಾಸು.

“ಜಯಕ್ಕನ ಸೀರೆ ದಾಟಿದ್ದು ವಾಪಸ್ ಬರ್ಲಿಕ್ಕಿಲ್ಲ” ಎಂದು ಶೇಟ್ರು ಗಿರಾಕಿಗಳೆದುರು ಹೇಳಿಕೊಳ್ಳುವುದಿತ್ತು. ಅವಳು ಅರ ಹಿಡಿಯುತ್ತಿದ್ದುದು ಎಡಗೈಯಲ್ಲಿ. ಅದಕ್ಕೆಂದು ಪೀಸು ಕಚ್ಚಿ ಹಿಡಿಯುವ ಅವಳ ವೈಸೂ ಮೇಜಿನ ಆಚೆ ಮೂಲೆಗೆ ಹೋಗಿತ್ತು. ಹೊಸಬರು ಯಾರೇ ಬಂದರೂ ಮೊದಲು ನಗುತ್ತಿದ್ದುದು ಅದಕ್ಕೇ.

ಎರಡು ಸಾವಿರದ ಹನ್ನೆರಡರ ಮಳೆಗಾಲದಲ್ಲಿ ಹೊಸ ಆರ್ಡರ್ ಬಂತು. ಕಾವಲಿನವರಿಗೆ ತರಬೇತಿ ಕೊಡುವ ಶಾಲೆಯೊಂದಕ್ಕೆ ರೈಫಲ್ಲಿನ ಮಾದರಿ ಬೇಕಿತ್ತು. ಗುಂಡು ಹಾರುವಂಥದ್ದಲ್ಲ, ಬಿಚ್ಚಿ ಜೋಡಿಸಿ ಕಲಿಯಲಿಕ್ಕೆ. ಕೆಳಗಿನ ಅರ್ಧ ಅವರಲ್ಲೇ ಇತ್ತು. ನಳಿಗೆ ಕೂರುವ ಮೇಲಿನ ಅರ್ಧವನ್ನು ಇವರು ಅಲ್ಯುಮಿನಿಯಂನಲ್ಲಿ ಕೊರೆದು ಕೊಡಬೇಕು. ಗಾಳಾದಲ್ಲಿ ಎಲ್ಲರೂ ಅದನ್ನು ‘ಅಪ್ಪರ್’ ಎಂದು ಕರೆದರು.

“ಮೊದಲಿನ ಐದು ಪಾಸಾದ್ರೆ ಮುಂದೆ ಇನ್ನೂರು ಉಂಟು” ಎಂದರು ಶೇಟ್ರು. “ಹಾಗೆ ಆದ್ರೆ ನಿಂಗೆ ಚೆಕ್ಕಿಂಗ್ ಟೇಬಲ್, ಕುರ್ಚಿ, ನಿನ್ನದೇ ಹೆಸರಿನ ಪಂಚ್. ಆಯ್ತಾ?”

ಹದಿನಾರು ವರ್ಷ ನಿಂತೇ ಕೆಲಸ ಮಾಡಿದ ಕಾಲಿಗೆ ಕುರ್ಚಿ ಬೇಕಿತ್ತು, ನಿಜ. ಆದರೆ ಜಯಲತಾಳ ಮನಸ್ಸು ಕೂತದ್ದು ಪಂಚಿನ ಮೇಲೆ. ‘ಜ’ ಎಂಬ ಒಂದು ಅಕ್ಷರ ಲೋಹದಲ್ಲಿ ಒತ್ತಿ ನಿಲ್ಲುವುದೆಂದರೆ ಸಣ್ಣ ಮಾತೇ?

ಮಿಷನ್ ನಡೆಸುವ ಲತೀಶ ಡೊಂಬಿವಲಿಯಲ್ಲೇ ಹುಟ್ಟಿದವನು. ಮೊದಲ ಪೀಸು ತಂದು ಅವಳ ಮುಂದೆ ಇಟ್ಟ.

“ದೇಖೋ ಅಕ್ಕಾ, ಬೆನ್ನು ಫ್ಲ್ಯಾಟ್. ಅಡ್ಡಡ್ಡ ಕಚ್ಚು ಉಂಟಲ್ಲಾ, ಅದಕ್ಕೆ ದುರ್ಬೀನು ಸಿಕ್ಕಿಸು, ಬ್ಯಾಟರಿ ಸಿಕ್ಕಿಸು, ಸಬ್ ಚಲ್ತಾ ಹೈ. ಹಳೇ ರೈಫಲ್ಲಿಗೆ ಇದು ಇರ್ಲಿಲ್ಲ.”

“ಇದ್ರಲ್ಲಿ ಸೌತೆಕಾಯಿ ಚೆಂದ ತುರೀಬಹುದು ಮಾರಾಯ.”

ಬಲಬದಿಗೆ ಉದ್ದ ಕಿಟಕಿ. ಗುಂಡು ಹಾರಿದ ಮೇಲೆ ಖಾಲಿ ತೋಟಾ ಹೊರಬೀಳುವ ಜಾಗ. ಜಯಲತಾ ಸೀರೆ ಎಳೆದಳು. ಕಚ್ಚುಗಳಲ್ಲಿ ನಾಲ್ಕು ಕಡೆ ಸಿಕ್ಕಿತು, ಅಲ್ಲೆಲ್ಲ ಉಜ್ಜಿದಳು. ಕಿಟಕಿಯ ಹಿಂದೆ ಬೆರಳ ತುದಿಯಷ್ಟು ಉಬ್ಬು, ಮೆಟ್ಟಿಲು ಮೆಟ್ಟಿಲಾಗಿ ಒರಟು. ನೂಲು ಅಲ್ಲಿ ಹರಿದೇ ಹೋಯಿತು. ಮಿಷನ್ ತಿನ್ನದೆ ಬಿಟ್ಟ ಲೋಹ ಎಂದುಕೊಂಡಳು. ಒಂದು ಗಂಟೆ ಕೂತು, ಅಲ್ಲ, ನಿಂತು, ಅದನ್ನು ಸಮ ಮಾಡಿದಳು. ಸೀರೆ ಬೆಣ್ಣೆಯ ಮೇಲೆ ಜಾರಿದಂತೆ ಜಾರಿತು. ಅವಳಿಗೆ ಖುಷಿಯೋ ಖುಷಿ.

ಊಟದ ಹೊತ್ತಿಗೆ ಶೇಟ್ರು ಕಪಾಟಿನಿಂದ ಶಾಲೆಯವರ ಅಸಲು ಪೀಸು ತೆಗೆದು ಮೇಜಿನ ಮೇಲಿಟ್ಟರು. ಅದುವರೆಗೆ ಜಯಲತಾ ಅದನ್ನು ನೋಡಿರಲಿಲ್ಲ. ಅದರ ಕಿಟಕಿಯ ಹಿಂದೆಯೂ ಉಬ್ಬು ಇತ್ತು, ನುಣ್ಣಗೆ, ಬೇಕೆಂದೇ ಇಟ್ಟ ಹಾಗೆ. ಅವಳ ಕೈಯ ತುತ್ತು ಡಬ್ಬಿಗೆ ಮರಳಿತು. ಉಳಿದ ನಾಲ್ಕನ್ನು ಅವಳಿನ್ನೂ ಮುಟ್ಟಿರಲಿಲ್ಲ, ಅದೊಂದು ಪುಣ್ಯ.

ಮೂರು ಗಂಟೆಗೆ ಐದೂ ಪೀಸು ನೋಡಲು ಶಾಲೆಯ ತರಬೇತಿ ಉಸ್ತಾದ್ ಬರುವವರಿದ್ದರು. ಲತೀಶ ಹತ್ತಿರ ಬಂದು ಪಿಸುಗುಟ್ಟಿದ: “ಟೆನ್ಶನ್ ಬೇಡ ಅಕ್ಕಾ. ಪುಟ್ಟಿ ಹಚ್ಚಿ ಉಬ್ಬು ಮಾಡುವಾ, ಮೇಲೆ ಕಪ್ಪು ಬಣ್ಣ. ಕಿಸೀ ಕೋ ಪತಾ ನಹೀ ಚಲೇಗಾ.”

ಕುರ್ಚಿಯೂ ಪಂಚೂ ಜಯಲತಾಳ ಕಣ್ಣ ಮುಂದೆ ಹಾದು ಹೋದವು.

“ಪುಟ್ಟಿ ಮೇಲೆ ನನ್ನ ಪಂಚ್ ಹೊಡೀಲಿಕ್ಕುಂಟಾ? ಬೇಡ ಮಾರಾಯ. ಆ ನಾಲ್ಕು ಇಲ್ಲಿ ಕೊಡು, ಉಬ್ಬು ಇಟ್ಕೊಂಡೇ ನುಣ್ಣಗೆ ಮಾಡ್ತೇನೆ.”

ಉಸ್ತಾದ್ ಮುರಾರಿ ಬೆಳಗಾವಿ ಕಡೆಯವರು, ಸೈನ್ಯದಿಂದ ನಿವೃತ್ತರಾದವರು. ಮೀಸೆ ಒರೆಸಿಕೊಂಡು ಕೂತರು. ಶೇಟ್ರು ಬಾಯಿ ತೆರೆಯುವ ಮೊದಲೇ ಜಯಲತಾ ಕೆಟ್ಟ ಪೀಸನ್ನು ಅವರ ಮುಂದೆ ಇಟ್ಟಳು.

“ಇದು ಫೇಲು ಸಾಹೇಬ್ರೇ. ಉಬ್ಬು ನಾನೇ ಉಜ್ಜಿ ತೆಗ್ದದ್ದು. ಬೇಡದ್ದು ಅಂತ ಎಣಿಸಿದ್ದೆ. ಈ ನಾಲ್ಕು ಸರಿ ಉಂಟು.”

ಶೇಟ್ರ ಮುಖ ಸುಟ್ಟ ಬದನೆಯಂತಾಯಿತು. ಮುರಾರಿ ನಾಲ್ಕನ್ನೂ ತಿರುಗಿಸಿ, ಕೆಳಗಿನ ಅರ್ಧಕ್ಕೆ ಜೋಡಿಸಿ, ಬಿಚ್ಚಿ ನೋಡಿದರು. ಆಮೇಲೆ ಜೋಡಿಸಿದ್ದೊಂದನ್ನು ಅವಳ ಕೈಗೆ ಕೊಟ್ಟರು.

“ಬಾಯಾರ, ಇದನ್ನ ಭುಜಕ್ಕ ಹಚ್ಚಿ ಹಿಡೀರಿ ನೋಡೋಣು.”

ಅವಳು ಹಿಡಿದಳು. ಹಿಡಿದದ್ದು ಎಡ ಭುಜಕ್ಕೆ. ಕಿಟಕಿ ಅವಳ ಮೂಗಿನ ಎದುರಿಗೇ ಬಂತು.

ಮುರಾರಿ ಗಹಗಹಿಸಿ ನಕ್ಕರು. “ಅಯ್ಯ ನಮ್ಮವ್ವ! ನೀವs ಎಡಚರೇನ್ರೀ? ಬಿಸಿ ತೋಟಾ ಹೊರಗ ಹಾರಿ ಹಿಂದಕ್ಕ ಬರತೈತಿ. ಬಲಗೈಯಾಂವಗ ಚಿಂತಿಲ್ಲ, ಎಡಚರ ಗಲ್ಲಕ್ಕ ಬಡೀತೈತಿ. ಅದು ಈ ಉಬ್ಬಿಗೆ ಬಡದು ಆಕಡೆ ಹೋಗ್ಲಿ ಅಂತ ಇಟ್ಟಾರ. ನಿಮ್ಮಂಥವರ ಸಲುವಾಗಿನ ಇಟ್ಟಿದ್ದನ್ನ ನೀವs ಉಜ್ಜಿ ಒಗದೀರಿ!”

ಲತೀಶ ಹೊಟ್ಟೆ ಹಿಡಿದುಕೊಂಡು ನಕ್ಕ. ಜಯಲತಾಳಿಗೂ ನಗು ತಡೆಯಲಾಗಲಿಲ್ಲ. ಸಣ್ಣಂದಿನಿಂದ ಎಡಗೈಗೆ ಪೆಟ್ಟು ಸಿಕ್ಕಿತ್ತು, ಬೈಗುಳ ಸಿಕ್ಕಿತ್ತು. ಎಡಚರನ್ನು ನೆನೆದು ಯಾರೋ ಲೋಹದ ಸಾಮಾನಿನಲ್ಲಿ ಇಷ್ಟು ಜಾಗ ಬಿಟ್ಟದ್ದನ್ನು ಅವಳು ಕಂಡದ್ದು ಇದೇ ಮೊದಲು. ಆ ಉಬ್ಬನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದಳು.

“ಹಾಗಾದ್ರೆ ಸಾಹೇಬ್ರೇ, ಪಾಸಾ, ಫೇಲಾ?” ಶೇಟ್ರಿಗೆ ಅದೇ ಚಿಂತೆ.

“ನಾಲ್ಕು ಪಾಸ್, ಒಂದು ಫೇಲ್. ಅದನ್ನೂ ನಾ ಬರೂದ್ರೊಳಗ ಇವರs ಹಿಡದಿಟ್ಟಾರ. ಚೆಕ್ಕಿಂಗ್ ಆಗಿಬಿಟ್ಟೈತಿ, ಇನ್ನ ನನಗೇನು ಕೆಲಸಾ? ಚಾ ತರಸ್ರಿ.”

ಹೋಗುವಾಗ ಫೇಲಾದದ್ದನ್ನೂ ಅವರು ಚೀಲಕ್ಕೆ ಹಾಕಿಕೊಂಡರು. ಕಲಿಯುವವರ ಮುಂದೆ ಇಟ್ಟು, ಇದರಲ್ಲಿ ಏನಿಲ್ಲ ಹೇಳಿ ಎಂದು ಕೇಳಲಿಕ್ಕಂತೆ.

ಗಣೇಶ ಚೌತಿಯ ಮರುವಾರ ಇನ್ನೂರರ ಆರ್ಡರ್ ಬಂತು, ಜೊತೆಗೆ ಚೆಕ್ಕಿಂಗ್ ಟೇಬಲ್, ಕುರ್ಚಿ, ‘ಜ’ ಅಕ್ಷರದ ಪಂಚೂ. ಲತೀಶ ಯಾರೂ ಹೇಳದೆಯೇ ದೀಪವನ್ನು ಬಲಬದಿಗೆ ಸಿಕ್ಕಿಸಿದ. ಎಡಗೈಯ ನೆರಳು ಪೀಸಿನ ಮೇಲೆ ಬೀಳಬಾರದಲ್ಲ. ಜಯಲತಾ ಅಸಲು ಪೀಸನ್ನು ಪಕ್ಕದಲ್ಲಿಟ್ಟುಕೊಂಡು, ಕುರ್ಚಿ ಎಳೆದು ಕೂತು, ಮೊದಲು ಕಣ್ಣಲ್ಲಿ ನೋಡಿದಳು. ಆಮೇಲೆ ಸೀರೆಯ ತುಂಡು ತೆಗೆದಳು.