ದಿಲ್ಲಿಗೆ ಎಷ್ಟು ತಿರುವು

ರಾಚಮ್ಮನಿಗೆ ದೂರವೆಲ್ಲ ತಿರುವಿನ ಲೆಕ್ಕದಲ್ಲೇ. ಗೆಟ್ಟವಾಡಿಯಿಂದ ಚಾಮರಾಜನಗರಕ್ಕೆ ಘಾಟಿಯಿಲ್ಲ, ಅದು ಪಕ್ಕದ ಮನೆ. ಸತ್ಯಮಂಗಲಕ್ಕೆ ದಿಂಬದ ಘಾಟಿ ಇಳಿಯಬೇಕು, ಇಪ್ಪತ್ತೇಳು ತಿರುವು, ಅದು ಪರದೇಶ. ಮೂರನೆಯ ತಿರುವಿಗೇ ಅವಳ ಕರುಳು ಬಾಯಿಗೆ ಬರುತ್ತಿತ್ತು. ಹೊಟ್ಟೆಗೇನೂ ಹಾಕದೆ, ನಿಂಬೆಹಣ್ಣು ಮೂಸುತ್ತಾ, ಡ್ರೈವರನ ವಂಶವನ್ನೆಲ್ಲ ಬೈಯುತ್ತಾ ಇಳಿಯುವವಳು ಅವಳು. ಅಂಥವಳ ಮಗಳು ಸುನೀತ ಮದುವೆಯಾಗಿ ಹೋಗಿದ್ದು ದಿಲ್ಲಿಗೆ! ಅಳಿಯನಿಗೆ ಅಲ್ಲಿ ಹೋಟೆಲಿನಲ್ಲಿ ಅಡುಗೆ ಕೆಲಸ.

"ಸತ್ಯಮಂಗ್ಲಕ್ಕೇ ಇಪ್ಪತ್ತೇಳು. ದಿಲ್ಲಿಗೆ ಇನ್ನೆಷ್ಟಿದ್ದಾವು? ನಾ ಎಣವಾಗೇ ಓಗೋದು," ಅಂತ ಆರು ವರ್ಷ ದೂಡಿದಳು.

ಈಗ ಸುನೀತ ತುಂಬು ಬಸುರಿ. ಮೊದಲನೆಯದು ಹೊಟ್ಟೆಯಲ್ಲೇ ಹೋಗಿತ್ತು, ಅದಕ್ಕೇ ಡಾಕ್ಟರು ಪ್ರಯಾಣವೇ ಬೇಡ ಅಂದಿದ್ದರು. ಒಂದು ಸಂಜೆ ಫೋನು ಬಂತು.

"ನಾಳಿದ್ದು ಆಪರೇಸನ್ ಕಣವ್ವ. ಓದ ಸಲ ನಾ ಒಬ್ಳೇ ಇದ್ದೆ. ಈ ಸಲ ನೀ ಬಾ."

ರಾಚಮ್ಮ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಅಳಿಯ ಕೊಯಮತ್ತೂರಿನಿಂದ ದಿಲ್ಲಿಗೆ ಅವಳೊಬ್ಬಳಿಗೆ ವಿಮಾನದ ಟಿಕೆಟ್ ಮಾಡಿಸಿದ.

"ಮೂರೇ ಗಂಟೆಯಂತೆ ಕಣಮ್ಮಿ," ಅಂದ ಗಂಡ ಮಾದಯ್ಯ.

"ಎರಡು ಸಾವಿರ ಕಿಲೋಮೀಟ್ರು ಮೂರು ಗಂಟೇಲಾ? ಅಂಗಾರೆ ತಿರುವಲ್ಲಿ ಎಂಗೆ ತೂರಾಡ್ತದೋ, ಶಿವನೇ!"

ಬೈದುಕೊಂಡೇ ಬಾಣಂತಿ ಖಾರಕ್ಕೆ ಮೆಣಸು, ಒಣಶುಂಠಿ ಕುಟ್ಟಿ ಗಂಟು ಕಟ್ಟಿದಳು. ಬೆಳಿಗ್ಗೆ ತೊಟ್ಟು ನೀರೂ ಮುಟ್ಟದೆ ಗಂಡನ ಜೊತೆ ಬಸ್ಸು ಹತ್ತಿದಳು. ಕೊಯಮತ್ತೂರಿಗೂ ಅದೇ ದಿಂಬದ ಘಾಟಿಯ ದಾರಿ. ಅಲ್ಲಿ ಆನೆ ಅಡ್ಡ ನಿಂತಿತ್ತು. ಡ್ರೈವರ್ ಎಂಜಿನ್ ಆರಿಸಿದ. "ಸ್ವಾಮಿ, ನನ್ ಕೂಸು ಕಾಯ್ತಾ ಅದೆ, ದಾರಿ ಬುಡಪ್ಪ," ಅಂತ ರಾಚಮ್ಮ ಕೈಮುಗಿದಳು. ಆನೆಗೇನು ಅವಸರ? ಬಿದಿರು ಮುರಿದು ಹೊಟ್ಟೆ ತುಂಬ ತಿಂದೇ ಸರಿಯಿತು. ಮಾದಯ್ಯ ಹೆಂಡತಿಯನ್ನು ಏದುಸಿರು ಬಿಡುತ್ತಾ ವಿಮಾನ ನಿಲ್ದಾಣದ ಬಾಗಿಲಿಗೆ ಮುಟ್ಟಿಸಿದ.

ವಿಮಾನ ಮೇಲೇರಿತು. ರಾಚಮ್ಮ ಕಣ್ಣು ಮುಚ್ಚಿ, ಸೀಟು ಹಿಡಿದು, ಮೊದಲ ತಿರುವಿಗೆ ಕಾದಳು. ಕಾದಳು, ಕಾದಳು. ಕೊನೆಗೆ ಪಕ್ಕದ ಹೆಂಗಸನ್ನು ತಮಿಳಿನಲ್ಲಿ ಕೇಳಿದಳು, "ತಿರುವು ಎಲ್ಲಿಂದ ಶುರುವಾಗ್ತದಮ್ಮಾ?"

"ಆಕಾಶದಲ್ಲಿ ಎಂಥ ತಿರುವು? ಇನ್ನರ್ಧ ಗಂಟೆ, ದಿಲ್ಲಿ ಬಂದೇಬಿಡ್ತು," ಅಂತ ಆಕೆ ನಕ್ಕಳು.

ರಾಚಮ್ಮನಿಗೆ ನಗು ಬರಲಿಲ್ಲ. ತನ್ನ ಮೇಲೇ ಸಿಟ್ಟು ಬಂತು. ಅಯ್ಯೋ, ನನ್ನ ಬುದ್ಧಿಗಿಷ್ಟು ಮಣ್ಣಾಕ! ಮಗಳು ಬರಿಗೈಲಿ ಆಸ್ಪತ್ರೆಯಿಂದ ಮನೆಗೆ ಬಂದಾಗ, ಹೆತ್ತವಳು ಬರೀ ಒಂದು ದಿನದ ದಾರಿಯಾಚೆ ಕೂತು ರಾಗಿ ಕೇರುತ್ತಿದ್ದಳು.

ಇಳಿದು ಅಳಿಯನ ಜೊತೆ ನೇರ ಆಸ್ಪತ್ರೆಗೆ ಹೋದವಳು ಮಗಳ ಕೈ ಹಿಡಿದಳು. ಮರುದಿನ ಆಪರೇಷನ್ ಕೋಣೆಯ ಬಾಗಿಲಲ್ಲಿ ನರ್ಸು ಬಿಡಿಸುವ ತನಕ ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗಿಂದ ಕೂಸಿನ ಅಳು ಕೇಳಿತು. ಎಂಥ ಗಂಟಲಪ್ಪಾ ಅದು, ಇಡೀ ವರಾಂಡ ಎದ್ದು ಕೂತಿತು! ಹೆಣ್ಣುಕೂಸು.

ಮಂಪರು ಇಳಿದ ಮೇಲೆ ಸುನೀತ ಕಣ್ಣು ಬಿಟ್ಟಳು. "ಅಷ್ಟು ದೂರದಿಂದ ಬಂದ್ಯಲ್ಲವ್ವ."

"ದೂರ ಎಲ್ಲಿ ಅದೆ ಮಗಳೆ?" ರಾಚಮ್ಮ ಕೂಸನ್ನು ಅವಳ ಮಗ್ಗುಲಿಗೆ ಮಲಗಿಸಿದಳು. "ನಾ ಬರನಿಲ್ಲ, ಅಷ್ಟೆಯ. ಇನ್ಮೇಲೆ ನೀ ಬ್ಯಾಡ ಅಂದ್ರೂ ಬತ್ತೀನಿ."