ಊರಿನ ಬ್ಯಾಡ್ಜು

ನಮ್ಮೂರಿನವರಿಗೆ ಫೆನ್ಸಿಂಗ್ ಮೇಲೆ ಪ್ರೀತಿ ಉಕ್ಕಿದ್ದು ಮೊನ್ನೆ ಮೊನ್ನೆ. ಅದಕ್ಕೂ ಮೊದಲು ಅದು ಅವರ ಬಾಯಲ್ಲಿ ‘ಕಡ್ಡಿ ಚುಚ್ಚೋ ಆಟ’. ಹಳೆಯ ಗೋದಾಮಿನಲ್ಲಿ ಬಂದರಿನ ಕೂಲಿಗಳ ಮಕ್ಕಳು ಬಿಳಿ ಕೋಟು, ಜಾಲರಿಯ ಮುಖವಾಡ ಹಾಕಿಕೊಂಡು ಕತ್ತಿವರಸೆ ಆಡುವಾಗ ಕಿಟಕಿಯಲ್ಲಿ ಇಣುಕಿ ಹಲ್ಲು ಕಿರಿದು ಹೋಗುತ್ತಿದ್ದವರು ಇವರೇ. ಟಿವಿಯಲ್ಲಿ ಯಾರೋ ಪದಕ ಗೆದ್ದದ್ದೇ ತಡ, ಎಲ್ಲರೂ ಪಂಡಿತರಾಗಿಬಿಟ್ಟರು.

ಆ ಕೋಟುಗಳ ಹರಿದ ತೋಳು, ಕಿತ್ತುಹೋದ ಜಿಪ್ಪು ಹೊಲಿದುಕೊಡುವವಳು ನಾನು. ನನ್ನ ಅಕ್ಕನ ಮಗಳು ಚೂಟಿ ಆ ಗೋದಾಮಿನಲ್ಲೇ ಕತ್ತಿ ಹಿಡಿಯಲು ಕಲಿತಳು. ಅವಳಪ್ಪ ಕಡಲಾಚೆಯಿಂದ ಬಂದ ಹಡಗಿನ ಮೆಕ್ಯಾನಿಕ್. ಅವನದೇ ಕಪ್ಪು ಬಣ್ಣ, ಅವನದೇ ಗುಂಗುರು ಕೂದಲು ಅವಳಿಗೂ ಬಂದಿದೆ. ಹುಟ್ಟಿದ್ದು, ಬೆಳೆದದ್ದು ಇದೇ ಓಣಿಯಲ್ಲಿ. ಆದರೂ ಅಂಗಡಿಗೆ ಹೋದರೆ ಯಾವ ದೇಶ ನಿಂದು ಎಂದು ಇವತ್ತಿಗೂ ಕೇಳುತ್ತಾರೆ. ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತದೆ.

ಗೋದಾಮಿನ ಆ ಕ್ಲಬ್ಬಿನಲ್ಲೊಂದು ಪದ್ಧತಿಯಿದೆ. ಬೇರೆ ಊರಿನವರನ್ನು ಮೊದಲ ಸಲ ಸೋಲಿಸಿದ ನಮ್ಮವರ ಕೋಟಿನ ಎಡತೋಳಿಗೆ ಊರಿನ ಬ್ಯಾಡ್ಜನ್ನು ಅಲ್ಲೇ, ಜನರ ಎದುರಿಗೇ ಹೊಲಿಯಬೇಕು. ಆಮೇಲೆಯೇ ಊರಿನ ತಂಡದಲ್ಲಿ ಜಾಗ. ಚೂಟಿಗೆ ಅದೊಂದೇ ಆಸೆ. ಪಂದ್ಯದ ದಿನ ಬೆಳಿಗ್ಗೆ ಎಡತೋಳಿಗೆ ಇನ್ನೊಂದು ಸಲ ಇಸ್ತ್ರಿ ಹಾಕಿಸಿಕೊಂಡಳು.

ಹೊಸ ಕ್ರೀಡಾಂಗಣ ತುಂಬಿತ್ತು. ಮೈಕು ಕೀರಲು ಸದ್ದು ಮಾಡುತ್ತಿದ್ದರಿಂದ ಹೆಸರುಗಳು ಯಾರಿಗೂ ಕೇಳಿಸಲಿಲ್ಲ. ಇಬ್ಬರೂ ಹುಡುಗಿಯರು ತಲೆಯಿಂದ ಕಾಲಿನವರೆಗೆ ಬಿಳಿ. ಚೂಟಿ ಚುಚ್ಚಿದರೆ ಕೆಂಪು ದೀಪ, ಎದುರಾಳಿ ಚುಚ್ಚಿದರೆ ಹಸಿರು ದೀಪ. ಹಸಿರು ನಮ್ಮದು ಎಂದು ಯಾವ ಪುಣ್ಯಾತ್ಮ ಹೇಳಿದನೋ, ಜನ ಹಸಿರಿಗೆ ಶಿಳ್ಳೆ ಹಾಕಿದರು, ಕೆಂಪಿಗೆ ಛೀ ಥೂ ಎಂದರು. ಕೆಂಪು ನಮ್ಮದು ಎಂದು ನಾನು ಕೂಗಿ ಹೇಳಿದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಷ್ಟರ ನಡುವೆಯೂ ಚೂಟಿ ಗೆದ್ದಳು.

ಇಬ್ಬರೂ ಮುಖವಾಡ ತೆಗೆದು ಕೈ ಕುಲುಕಿದರು. ಜನರಿಗೆ ಇನ್ನಾದರೂ ಗೊತ್ತಾಗುತ್ತದೆ ಎಂದುಕೊಂಡೆ. ಪುರಸಭೆಯ ಅಧ್ಯಕ್ಷರು ಹೂಗುಚ್ಛ ಹಿಡಿದು ಮೆಟ್ಟಿಲಿಳಿದು ಬಂದರು. ಚೂಟಿಯನ್ನು ದಾಟಿ ನೇರವಾಗಿ ಆ ಬಿಳಿ ಮುಖದ ಹುಡುಗಿಯ ಹತ್ತಿರ ಹೋದರು.

“ಸೋತರೇನಾಯ್ತು ಮಗಳೇ, ಊರಿನ ಮಾನ ಉಳಿಸಿದೆ,” ಎಂದು ಹೂಗುಚ್ಛ ಅವಳ ಕೈಗಿಟ್ಟು, ಬ್ಯಾಡ್ಜು, ಸೂಜಿ ಹಿಡಿದು ನಿಂತಿದ್ದ ನನ್ನ ಕಡೆ ತಿರುಗಿದರು. “ಟೈಲರಮ್ಮ, ಬ್ಯಾಡ್ಜು ಇವಳಿಗೇ ಹೊಲಿದುಬಿಡಿ.”

ಆ ಹುಡುಗಿ ಕಕ್ಕಾಬಿಕ್ಕಿಯಾಗಿ, ತಾನು ಈ ಊರಿನವಳಲ್ಲ ಎಂದು ಹೂಗುಚ್ಛ ವಾಪಸ್ ಕೊಟ್ಟಳು. ಅಧ್ಯಕ್ಷರು ನಾಲಿಗೆ ಕಚ್ಚಿಕೊಂಡು ನಕ್ಕರು. ಮುಖವಾಡ ಹಾಕಿಕೊಂಡರೆ ಯಾರು ಯಾರೆಂದು ಹೇಗೆ ತಿಳಿಯಬೇಕು ಎಂದರು.

“ಮುಖವಾಡ ತೆಗೆದ ಮೇಲೆ ತಾನೇ ನೀವು ಇಳಿದು ಬಂದಿದ್ದು,” ಎಂದೆ.

ಆಮೇಲೆ ಯಾರೋ ಚಪ್ಪಾಳೆ ತಟ್ಟಿದ. ಇಷ್ಟು ಹೊತ್ತು ಥೂ ಎಂದ ಬಾಯಿಗಳೇ ನಮ್ಮ ಹುಡುಗಿ, ನಮ್ಮ ಹುಡುಗಿ ಎಂದು ಕೂಗತೊಡಗಿದವು. ನನಗೆ ಪಿತ್ತ ನೆತ್ತಿಗೇರಿತು. ಬ್ಯಾಡ್ಜನ್ನು ಮುಷ್ಟಿಯಲ್ಲಿ ಮುದುರಿ, ನಡಿ ಮನೆಗೆ ಎಂದು ಚೂಟಿಯ ಕೈ ಹಿಡಿದೆಳೆದೆ.

ಅವಳು ಕದಲಲಿಲ್ಲ. ಎಡತೋಳು ಚಾಚಿದಳು. ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

“ಹೊಲಿ ಚಿಕ್ಕಮ್ಮ. ಇವರ ಮುಖ ನೋಡ್ಕೊಂಡು ನಂದನ್ನ ನಾನ್ಯಾಕೆ ಬಿಡ್ಲಿ?”

ಸೂಜಿಗೆ ಎರಡೆಳೆ ದಾರ ಪೋಣಿಸಿದೆ. ಅಧ್ಯಕ್ಷರು ಹೂಗುಚ್ಛ ಸರಿಮಾಡಿಕೊಂಡು, ಫೋಟೋಗೆಂದು ಅವಳ ಪಕ್ಕ ಬಂದು ನಿಂತರು. ಚೂಟಿ ಬಲಗೈಯಲ್ಲಿದ್ದ ಮುಖವಾಡವನ್ನು ಎತ್ತಿ ಮುಖಕ್ಕೆ ಹಾಕಿಕೊಂಡಳು. ತೆಗೆಯಮ್ಮ, ಮುಖ ಕಾಣಬೇಕು ಎಂದು ಫೋಟೋದವನು ಹೇಳಿದ. ಅಧ್ಯಕ್ಷರೂ ಕೇಳಿಕೊಂಡರು. ನಾನು ತಲೆ ಎತ್ತದೆ ಹೊಲಿಯುತ್ತಲೇ ಇದ್ದೆ.

ಅವಳು ತೆಗೆಯಲಿಲ್ಲ.