ಗೇಣೆತ್ತರದ ಮಡಚು ಮೇಜು

ನಮ್ಮವರ ಹೆಸರನ್ನು ನಾನು ಬಾಯಿಬಿಟ್ಟು ಹೇಳುವುದಿಲ್ಲ. ಬೀದಿಯವರು ನಂಜಪ್ಪನ್ ಎನ್ನುತ್ತಿದ್ದರು, ನೀವೂ ಹಾಗೇ ಅಂದುಕೊಳ್ಳಿ. ನಾನು ತಂಗಮಣಿ. ಕೋಯಮತ್ತೂರಿನ ನಮ್ಮ ನೇಕಾರರ ಬೀದಿಯಲ್ಲಿ ಯಾರನ್ನು ಕೇಳಿದರೂ ನನ್ನ ಬಾಯಿ ಜೋರು ಎನ್ನುತ್ತಾರೆ. ಜೋರಾಗದೆ ಏನು ಮಾಡಲಿ? ಕಟ್ಟಿಕೊಂಡವರು ದಿನಕ್ಕೆ ನಾಲ್ಕು ಮಾತಾಡಿದರೆ ಅದೇ ಹಬ್ಬ. ಇಬ್ಬರ ಪಾಲಿನ ಮಾತನ್ನೂ ನಾನೊಬ್ಬಳೇ ಆಡಬೇಕಿತ್ತು.

ಪ್ರತಿ ವರ್ಷ ತಮಿಳರ ಆಡಿ ತಿಂಗಳ ಹದಿನೆಂಟಕ್ಕೆ ನಮ್ಮ ಕುಲದವರೆಲ್ಲ ಮಗ್ಗ ನಿಲ್ಲಿಸಿ ಧಾರಾಪುರಂ ಹತ್ತಿರ ಅಮರಾವತಿ ಹೊಳೆಗೆ ಹೋಗುತ್ತೇವೆ. ಎರಡು ರಾತ್ರಿ ದಂಡೆಯಲ್ಲೇ ವಾಸ. ಬಿದಿರು ನೆಟ್ಟು ಮೇಲೆ ಜಮಖಾನ ಎಳೆದು ಕಟ್ಟಿದರೆ ಅದೇ ಗುಡಾರ. ಹೊಳೆಗೆ ಪೂಜೆ ಮಾಡಿ, ಮರಳಿನ ಮೇಲೆ ಸಾಲಾಗಿ ಎಲೆ ಹಾಕಿ, ಚಿತ್ರಾನ್ನ, ಹುಳಿಯನ್ನ, ಮೊಸರನ್ನ, ಪಾಯಸ ಉಣ್ಣುವುದು. ಮೊದಲ ಎಲೆ ಮನೆತನದ ಹಿರಿಯನದು. ಅವನು ಕೈಯಿಡದೆ ಯಾರೂ ತುತ್ತೆತ್ತುವಂತಿಲ್ಲ. ಸಾಲಿನ ಕೊನೆಯ ಮಗು ಎಲೆ ಮಡಚುವವರೆಗೆ ಅವನು ಏಳುವಂತಿಲ್ಲ. ಅವನು ಎದ್ದರೆ ಸಾಲೇ ಎದ್ದಂತೆ, ಉಳಿದವರು ಅರೆಹೊಟ್ಟೆಯಲ್ಲಿ ಕೈ ತೊಳೆಯಬೇಕು. ಮಾವ ಹೋದ ಮೇಲೆ ಆ ಎಲೆ ನಮ್ಮವರದಾಯಿತು. ವರ್ಷವೆಲ್ಲ ತಲೆ ತಗ್ಗಿಸಿ ಲಾಳಿ ಎಸೆಯುವ ಮನುಷ್ಯ ಆ ಒಂದು ದಿನ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು. ನೋಡಲು ಎರಡು ಕಣ್ಣು ಸಾಲುತ್ತಿರಲಿಲ್ಲ.

ಸಾವಿರದ ಒಂಬೈನೂರ ಎಂಬತ್ತೈದರ ಹೊತ್ತಿಗೆ ಅವರ ಮೊಣಕಾಲು ಕೈಕೊಟ್ಟಿತು. ನಮ್ಮದು ಗುಂಡಿ ಮಗ್ಗ. ನೆಲದಲ್ಲಿ ಗುಂಡಿ ತೋಡಿ, ಅದರ ಅಂಚಿನಲ್ಲಿ ಕೂತು, ಕಾಲನ್ನು ಒಳಗೆ ಇಳಿಬಿಟ್ಟು ತುಳಿಯಬೇಕು. ಕಾಲು ಇಳಿಬಿಟ್ಟರೆ ಅವರಿಗೆ ನೋವಿರಲಿಲ್ಲ, ನೆಲದ ಮೇಲೆ ಚಕ್ಕಂಬಕ್ಕಳ ಹಾಕಿದರೆ ಮಾತ್ರ ಪ್ರಾಣ ಹೋಗುತ್ತಿತ್ತು. ಆ ವರ್ಷ ಹೊಳೆದಂಡೆಯಲ್ಲಿ ಕೂರಲು ಬಗ್ಗಿ ನೋಡಿದರು, ಆಗಲಿಲ್ಲ. ಇನ್ನೊಮ್ಮೆ ನೋಡಿದರು. ಇಡೀ ಸಾಲು ಎಲೆಯ ಮುಂದೆ ಕಾದು ಕೂತಿತ್ತು. ಕೊನೆಗೆ ಅವರ ತಮ್ಮ ಜಯರಾಮನ್ ತಲೆ ತಗ್ಗಿಸಿಕೊಂಡು ಬಂದು ಮೊದಲ ಎಲೆಗೆ ಕೂತ. ನಮ್ಮವರು ನಾವು ಬಂದಿದ್ದ ವ್ಯಾನಿಗೆ ಒರಗಿ, ಎಲೆಯನ್ನು ಕೈಯಲ್ಲಿ ಹಿಡಿದು, ನಿಂತೇ ಉಂಡರು.

ಮನೆಗೆ ಬಂದ ಮೇಲೆ ಒಂದೇ ಮಾತು: "ಇನ್ಮೇಲೆ ನಾ ಬರಲ್ಲೆ."

"ಬರದೆ ಇಲ್ಲೇನ್ ಮಾಡ್ತೀರಿ, ಹಲ್ಲಿ ಎಣಿಸ್ತೀರಾ?" ಎಂದೆ. ನೂಲಿನ ದೂಳು ಕುಡಿದೂ ಕುಡಿದೂ ಅವರ ಎದೆ ಮೊದಲೇ ಗೊರಗೊರ ಎನ್ನುತ್ತಿತ್ತು. ಆಮೇಲೆ ಆ ಎದೆಯೊಳಗೆ ಇದೂ ಒಂದು ಸೇರಿಕೊಂಡಿತು. ಮುಂದಿನ ಆಡಿಗೆ ಇವರನ್ನು ಮೊದಲ ಎಲೆಗೆ ಕೂರಿಸದಿದ್ದರೆ ನಾನು ತಂಗಮಣಿಯೇ ಅಲ್ಲ ಎಂದುಕೊಂಡೆ.

ಮೇಜಿನ ಯೋಚನೆ ಬಂದದ್ದು ಹಾಗೆ. ವ್ಯಾನಿನ ನೆತ್ತಿಯ ಮೇಲೆ ಪಾತ್ರೆಗಳ ಜೊತೆ ಹೋಗಬೇಕಲ್ಲ, ಮಡಚುವಂಥದ್ದೇ ಆಗಬೇಕು. ಒಪ್ಪಣಕಾರ ಬೀದಿಯ ಒಂದು ಅಂಗಡಿಗೆ ಅವರನ್ನು ಎಳೆದುಕೊಂಡು ಹೋದೆ. ಒಂದು, ಪೆಟ್ಟಿಗೆಯ ಹಾಗೆ ಮುಚ್ಚಿಕೊಳ್ಳುವ ಅಲ್ಯೂಮಿನಿಯಂ ಮೇಜು. ಬಿಚ್ಚಿದರೆ ಅದರ ಹೊಟ್ಟೆಯಿಂದಲೇ ನಾಲ್ಕು ಸ್ಟೂಲು ಬಂತು. ಇನ್ನೊಂದಕ್ಕೆ ಕತ್ತರಿಯಂತೆ ತೆರೆದುಕೊಳ್ಳುವ ಮರದ ಕಾಲು, ಮೇಲೆ ಹಸಿರು ಸನ್‌ಮೈಕಾ.

"ಉಕ್ಕಾಂದು ಪಾರುಂಗ ಅಣ್ಣಾ," ಎಂದು ಅಂಗಡಿಯವನು ಸ್ಟೂಲು ಒರೆಸಿ ಕೂರಿಸಿದ. ಕಾಲು ಇಳಿಬಿಟ್ಟು ಕೂತರು. ಮುಖದಲ್ಲಿ ನೋವಿಲ್ಲ. ನನಗೆ ಹಿಗ್ಗೋ ಹಿಗ್ಗು. ಸಾಲಿನಲ್ಲಿ ಪಕ್ಕದವರು ಹೇಗೆ ಕಾಣುತ್ತಾರೋ ನೋಡೋಣ ಎಂದು ಅಂಗಡಿಯ ನೆಲದ ಮೇಲೆ ಅವರ ಪಕ್ಕದಲ್ಲೇ ಕೂತುಬಿಟ್ಟೆ. ಅಂಗಡಿಯವನು ಬಾಯಿಬಿಟ್ಟುಕೊಂಡು ನೋಡಿದ. ನೋಡಲಿ, ನನಗೇನು!

ನಮ್ಮವರು ಮೇಜನ್ನು ನೋಡಿದರು. ಆಮೇಲೆ ಕೆಳಗೆ ನನ್ನನ್ನು ನೋಡಿದರು.

"ನನ್ನ ಎಲೆ ನಿನ್ನ ತಲೆಗಿಂತ ಮೇಲೆ ಅದೆ," ಎಂದರು.

"ಇರ್ಲಿ ಬಿಡಿ, ಹಿರೀಕರಲ್ವಾ."

"ಎಲ್ರ ಎಂಜಲು ಕೆಳಗೆ, ನಾನೊಬ್ಬ ಮೇಲೆ. ಹಿರೀಕ ಅಲ್ಲ, ಅದು ಕಲೆಕ್ಟರ್. ವೇಂಡಾಂ." ಕೈಯೂರಿ ಎದ್ದು ಬೀದಿಗೆ ಇಳಿದರು. ಇಷ್ಟುದ್ದ ಮಾತಾಡಿದ್ದೇ ಹೆಚ್ಚು. ಬಸ್ಸಿನಲ್ಲಿ ಬರುವಾಗ ನಾನು ಬೈದ ಬೈಗುಳಕ್ಕೆ ಕಂಡಕ್ಟರೇ ಹಿಂದಕ್ಕೆ ಹೋಗಿ ನಿಂತ.

ಬಿಟ್ಟವಳಲ್ಲ ನಾನು. ನಮ್ಮೂರಿನದೇ ಗಣಪತಿ ಬಡಾವಣೆಯಲ್ಲಿ ನನ್ನ ತಮ್ಮ ಶಣ್ಮುಗಂ ಪಂಪಿನ ವರ್ಕ್‌ಶಾಪ್ ಇಟ್ಟಿದ್ದ. ಅವನ ಹತ್ತಿರ ಹೋಗಿ, "ಅಂಗಡೀದೆಲ್ಲ ಎತ್ತರ ಆಯ್ತು ಕಣೋ, ನೀನೇ ಒಂದು ಮಡಚೋ ಮೇಜು ಮಾಡ್ಕೊಡು," ಎಂದೆ.

"ಮಾಡ್ತೀನಿ ಅಕ್ಕ. ಬಾವ ನೋವಿಲ್ದೆ ಕೂತಾಗ ನೆಲದಿಂದ ಕೈಗೆ ಎಷ್ಟು ಎತ್ತರ ಬೇಕು, ಅಳೆದು ಕಳ್ಸು. ನಾ ಅಷ್ಟಕ್ಕೇ ಕಾಲು ಬೆಸೀತೀನಿ."

ಅವರು ನೋವಿಲ್ಲದೆ ಕೂರುವುದು ಎಲ್ಲಿ? ಮಗ್ಗದಲ್ಲಿ. ಅವರು ನೇಯುತ್ತಿರುವಾಗ ಪಕ್ಕದಲ್ಲಿ ಬಗ್ಗಿ, ನೆಲದಿಂದ ಅವರ ಕೈ ಕೆಳಗಿನ ಬಟ್ಟೆಯವರೆಗೆ ಒಂದು ಎಳೆ ನೂಲು ಹಿಡಿದು ಅಳೆದೆ, ಗಂಟು ಹಾಕಿ ಗಣಪತಿಗೆ ಕಳಿಸಿದೆ. ಹುಟ್ಟಿದಾಗಿನಿಂದ ಗುಂಡಿ ಮಗ್ಗದ ಮನೆಯಲ್ಲೇ ಬೆಳೆದವಳು. ನಮಗೆ ಕೂತ ಮನುಷ್ಯ ಎಂದರೆ ನೆಲದಿಂದ ಮೇಲೆ ಕಾಣುವಷ್ಟೇ. ಗುಂಡಿಯೊಳಗಿನ ಕಾಲನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ?

ಮೇಜು ಬಂತು. ಗೇಣೆತ್ತರ! ಅಚ್ಚುಕಟ್ಟಾದ ಕಬ್ಬಿಣದ ಕಾಲು, ನುಣ್ಣನೆ ಹಲಗೆ, ಸೂಟ್‌ಕೇಸಿನಂತೆ ಮಡಚಿ ಕೈಯಲ್ಲಿ ಹಿಡಿದುಕೊಳ್ಳಬಹುದು. ಎಲ್ಲ ಸರಿ, ಎತ್ತರ ಮಾತ್ರ ಬೆಕ್ಕಿಗೆ ಹಾಲಿಡುವ ಮಣೆಯಷ್ಟು. ಜಯರಾಮನ ಹೆಂಡತಿ ಚಂದ್ರಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನನಗೆ ನಾಚಿಕೆಯಿಂದ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ನಮ್ಮವರು ಮೇಜಿನ ಸುತ್ತ ಒಂದು ಸುತ್ತು ಬಂದರು. ನನ್ನನ್ನು ನೋಡಿದರು, ಮಗ್ಗದ ಕಡೆ ನೋಡಿದರು. ಇದ್ದಕ್ಕಿದ್ದಂತೆ ನಗತೊಡಗಿದರು. ಕೆಮ್ಮು ಬರುವವರೆಗೆ ನಕ್ಕರು. ಎಷ್ಟು ತಿಂಗಳಾಗಿತ್ತೋ ನಾನು ಆ ನಗು ಕೇಳಿ!

"ನೀ ಸರಿಯಾಗೇ ಅಳ್ದಿದ್ದೆ ಕಣೆ," ಎಂದರು. "ಹೊಳೇಲಿ ಗುಂಡಿ ತೋಡಿದ್ರೆ ಆಯ್ತು."

ಹಾಗೇ ಮಾಡಿದರು. ಎಂಬತ್ತಾರರ ಆಡಿ ಹದಿನೆಂಟು. ಜಯರಾಮನ್ ಮೊಣಕಾಲುದ್ದ ಗುಂಡಿ ತೋಡಿ, ಅಂಚಿಗೆ ಹಲಗೆ ಹಾಕಿ, ಅಣ್ಣನನ್ನು ಕೈಹಿಡಿದು ಕೂರಿಸಿದ. ಆಗ ಮರಳು ಒಣಗಿಯೇ ಇತ್ತು, ನಾನೇ ಮುಟ್ಟಿ ನೋಡಿದ್ದೆ. ಕಾಲು ಗುಂಡಿಯೊಳಗೆ, ತೊಡೆಯ ಮೇಲೆ ಗೇಣೆತ್ತರದ ಮೇಜು, ಮೇಜಿನ ಮೇಲೆ ಮೊದಲ ಎಲೆ. ಪಕ್ಕದಲ್ಲಿ ತಮ್ಮ, ಭುಜಕ್ಕೆ ಭುಜ ಸಮ. ಅಲ್ಲೊಂದು ಗುಂಡಿ ಇದೆ ಎಂದು ಹೇಳದೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವರು ಬೆನ್ನು ನೆಟ್ಟಗೆ ಮಾಡಿದರು, ಎಲೆಗೆ ನೀರು ಸುತ್ತಿದರು, ಕೈಯಿಟ್ಟರು. ಸಾಲಿಗೆ ಸಾಲೇ ಉಣ್ಣತೊಡಗಿತು.

ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಪಾಯಸದ ಪಾತ್ರೆ ಹಿಡಿದು ಆ ತುದಿಯಿಂದ ಈ ತುದಿಗೆ ಓಡಾಡಿದೆ. ಬೇಡ ಎಂದವರಿಗೂ ಬಡಿಸಿದೆ. ಆತುರ ಮಾಡಬೇಡಿ, ನಿಧಾನವಾಗಿ ಉಣ್ಣಿ ಎಂದು ಮಕ್ಕಳಿಗೆ ಹೇಳಿದೆ. ಅವರ ಹತ್ತಿರ ಹೋದಾಗಲೆಲ್ಲ ನಗುತ್ತಿದ್ದರು. ಮುಖ ಸ್ವಲ್ಪ ಬಿಳಿಚಿದಂತೆ ಕಂಡಿತು. ಹೊಟ್ಟೆ ತುಂಬಿದೆ, ಬಿಸಿಲು ಬೇರೆ ಎಂದುಕೊಂಡೆ.

ಕೊನೆಯ ಎಲೆ ಮಡಚಿದ ಮೇಲೆ ಜಯರಾಮನ್ ಅಣ್ಣನ ಕಂಕುಳಿಗೆ ಕೈಹಾಕಿ ಎತ್ತಿದ. ಎತ್ತಿದವನು ಕೂಗಿಕೊಂಡ. ಪಂಚೆ ತೊಡೆಯವರೆಗೆ ಒದ್ದೆ. ಗುಂಡಿ ತುಂಬ ನೀರು. ಮೇಲೆ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರಂತೆ. ಹೊಳೆ ಏರಿದಂತೆಲ್ಲ ಮರಳಿನಡಿಯಿಂದ ನೀರು ಜಿನುಗಿ ಗುಂಡಿಯೊಳಗೂ ಏರಿತ್ತು. ಕಾಲು ಮುಟ್ಟಿದರೆ ಮಂಜಿನಂತೆ ತಣ್ಣಗಿತ್ತು.

ಒರೆಸಿದೆವು, ಬೆಂಕಿ ಹಾಕಿದೆವು, ಕಂಬಳಿ ಸುತ್ತಿದೆವು. ನಡುಕ ನಿಲ್ಲಲಿಲ್ಲ. ರಾತ್ರಿಯೇ ಧಾರಾಪುರದ ಆಸ್ಪತ್ರೆಗೆ ಸೇರಿಸಿದೆವು. ಮೊದಲೇ ಕೆಟ್ಟ ಎದೆ, ಈಗ ಕಫ ಕಟ್ಟಿ ಜ್ವರ ಏರಿದೆ ಎಂದರು ಡಾಕ್ಟರು.

ಮಂಚದ ಪಕ್ಕ ನಿಂತು ನಾನು ಬೈದೆ. ಜೀವಮಾನದಲ್ಲಿ ಬೈದದ್ದೆಲ್ಲ ಒಂದು ತೂಕ, ಅಂದು ಬೈದದ್ದು ಒಂದು ತೂಕ. "ಬಾಯಿಲ್ವಾ ನಿಮಗೆ? ನೀರು ಬಂತು ಅಂತ ಒಂದು ಮಾತು ಹೇಳಕ್ಕಾಗ್ಲಿಲ್ವಾ? ಎದ್ದಿದ್ರೆ ಯಾರ ಗಂಟು ಹೋಗ್ತಿತ್ತು?"

"ಮಕ್ಕಳು ಉಣ್ತಾ ಇದ್ರಲ್ಲೇ," ಎಂದರು. ಮತ್ತೆ, "ಎಲ್ರೂ ಹೊಟ್ಟೆ ತುಂಬ ಉಂಡ್ರಾ?" ಎಂದು ಕೇಳಿದರು.

ಉಂಡರು ಎಂದೆ. ಆ ವಾರ ಕಳೆಯುವ ಮೊದಲೇ ಅವರು ಹೋದರು.

ಮಾರನೆಯ ವರ್ಷದ ಆಡಿಗೆ ನಾನು ಬರುವುದಿಲ್ಲ ಎಂದೆ. ಜಯರಾಮನ್ ಕೇಳಲಿಲ್ಲ, ವ್ಯಾನಿಗೆ ಹತ್ತಿಸಿಕೊಂಡೇ ಹೋದ. ಎಲೆ ಹಾಕಿದರು. ಎಲ್ಲರೂ ಕೂತರು, ಮೊದಲ ಎಲೆ ಖಾಲಿ.

"ಕೂತ್ಕೋ ಜಯರಾಮ, ನಿಂದೇ ಅದು," ಎಂದೆ.

"ನಂಗಾಗಲ್ಲ ಅತ್ತಿಗೆ," ಎಂದ. "ಆ ಗುಂಡಿ ತೋಡಿದ್ದು ಈ ಕೈ. ನೀವು ಕೂತ್ಕೊಳ್ಳಿ, ಇಲ್ದೇ ಇದ್ರೆ ಯಾರೂ ಉಣ್ಣೋದು ಬೇಡ."

ತಾಳಿ ತೆಗೆದವಳಿಗೆ ಮೊದಲ ಎಲೆಯೇ ಎಂದು ಒಬ್ಬ ಮುದುಕಿ ಗೊಣಗಿದಳು. ಬೇರೆ ದಿನವಾಗಿದ್ದರೆ ಅವಳ ಜನ್ಮ ಜಾಲಾಡುತ್ತಿದ್ದೆ. ಸುಮ್ಮನೆ ಹೋಗಿ ಕೂತೆ, ಎಲೆಗೆ ಕೈಯಿಟ್ಟೆ.

ಅಷ್ಟು ವರ್ಷ ಬಡಿಸುತ್ತ ಓಡಾಡಿದವಳು ನಾನು. ಆ ಜಾಗದಲ್ಲಿ ಕೂತು ನೋಡಿದ್ದು ಅದೇ ಮೊದಲು. ಚಿತ್ರಾನ್ನ ಬಂತು, ಹುಳಿಯನ್ನ ಬಂತು. ಒಬ್ಬಳಿಗೆ ಉಪ್ಪಿನಕಾಯಿ ಬೇಕು, ಇನ್ನೊಬ್ಬನಿಗೆ ಹಪ್ಪಳ. ಹಲ್ಲಿಲ್ಲದ ಮುದುಕಿ ಒಂದೊಂದೇ ಅಗುಳು ಮೆಲ್ಲುತ್ತಿದ್ದಳು. ಗಂಡಸರು ನೂಲಿನ ಮಾತು ತೆಗೆದು ಕೈ ಒಣಗಿಸಿಕೊಂಡು ಕೂತರು. ಮಕ್ಕಳು ಪಾಯಸ ಮತ್ತೆ ಹಾಕಿಸಿಕೊಂಡವು, ಎಲೆಯ ಮೇಲೆ ಬೆರಳಲ್ಲಿ ಚಿತ್ರ ಬರೆದವು. ಮುಗಿಯುವುದೇ ಇಲ್ಲ. ನನ್ನ ಕೆಳಗೆ ಒಣ ಮರಳು, ಕಾಲು ಬೆಚ್ಚಗಿತ್ತು, ಆದರೂ ನನಗೆ ಕೂರಲಾಗಲಿಲ್ಲ. ಇಷ್ಟು ಹೊತ್ತು ಕೂತಿದ್ದಿರಾ? ನಾನು ಹತ್ತಿರ ಬಂದಾಗಲೆಲ್ಲ ನಗುತ್ತ ಇಷ್ಟು ಹೊತ್ತು ಕೂತಿದ್ದಿರಾ?

ಅಳು ನುಗ್ಗಿ ಬಂತು. ಪಕ್ಕದಲ್ಲಿ ಜಯರಾಮನ್ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಅತ್ತರೆ ಅವನ ಕೈ ನಿಲ್ಲುತ್ತದೆ, ಅವನ ಕೈ ನಿಂತರೆ ಸಾಲಿನ ಕೈಯೆಲ್ಲ ನಿಲ್ಲುತ್ತದೆ. ಆ ತುದಿಯಲ್ಲಿ ಮಕ್ಕಳು ಇನ್ನೂ ಉಣ್ಣುತ್ತಿದ್ದವು.

ಅಳು ನುಂಗಿಕೊಂಡು ಇನ್ನೊಂದು ತುತ್ತು ಕಲಸಿದೆ.